ನೀರು ದಾಟಿಸಿದ ಬೆಕ್ಕು

ಊರಿನ ಹೆಸರು ಬೇಡ ಬಿಡಿ. ಹೇಳಿದರೆ ಒಂದಿಬ್ಬರಿಗೆ ಮೈ ಉರಿಯುತ್ತದೆ, ಉರಿದರೂ ಅವರು ತಿದ್ದಿಕೊಳ್ಳುವವರಲ್ಲ. ನಂದಗುಡಿ ಹೋಬಳಿಯ ಒಂದು ಕೆರೆ ಎಂದಿಟ್ಟುಕೊಳ್ಳಿ. ಏರಿಯ ಮೇಲೆ ಹಸಿರು ಬಣ್ಣದ ತಗಡಿನ ಬೋರ್ಡು. ಶಿವರಾತ್ರಿಯಿಂದ ಮುಂಗಾರಿನವರೆಗೆ ಕೆರೆ ನಡುವಿನ ಗುಡ್ಡೆಯ ಮೇಲೆ ಯಾರೂ ಕಾಲಿಡಬಾರದು, ಕಾವಲು ಕೊಂಡಪ್ಪ ಎಂದು ಅದರಲ್ಲಿ ಬರೆದಿದೆ. ಕೊಂಡಪ್ಪನಿಗೆ ಓದು ಅಷ್ಟಕ್ಕಷ್ಟೆ. ಆದರೂ ಆ ಕೊನೆಯ ಪದವನ್ನು ದಿನಕ್ಕೊಮ್ಮೆಯಾದರೂ ಓದದೆ ಅವನು ಏರಿ ಇಳಿದವನಲ್ಲ.

ಅವನಪ್ಪ, ಅವರಪ್ಪ ಎಲ್ಲರೂ ಆ ಕೆರೆಯ ನೀರುಗಂಟಿಗಳು. ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚಿಕೊಟ್ಟವರು. ಕೊಂಡಪ್ಪನ ಸರದಿ ಬರುವ ಹೊತ್ತಿಗೆ ಕೆರೆ ಒಣಗಿ, ಹುಡುಗರು ಅದರಲ್ಲಿ ಸ್ಟಂಪು ನೆಟ್ಟಿದ್ದರು. ನೀರಿಲ್ಲದ ಕೆರೆಗೆ ಇಪ್ಪತ್ತು ವರ್ಷ ನೀರುಗಂಟಿ ಅನ್ನಿಸಿಕೊಂಡವನನ್ನು ಊರು ಸುಮ್ಮನೆ ಬಿಟ್ಟೀತೇ? "ಏನಪ್ಪಾ ನೀರುಗಂಟಿ, ಇವತ್ತು ಯಾರ ಹೊಲಕ್ಕೆ ಧೂಳು ಬಿಡ್ತೀಯಾ?" ಎಂದು ಟೀ ಅಂಗಡಿಯಲ್ಲಿ ಕೇಳುತ್ತಿದ್ದರು. ಅವನು ಗ್ಲಾಸಿನೊಳಗೆ ಮುಖ ಹಾಕಿ ಟೀ ಕುಡಿದು ಎದ್ದು ಹೋಗುತ್ತಿದ್ದ. ಆ ನಗು ಅವನ ಎಲುಬಿಗೆ ಇಳಿದಿತ್ತು.

ಆಮೇಲೆ ಹೂಳು ತೆಗೆಯುವ ಕಾಮಗಾರಿ ಬಂತು. ಜೆಸಿಬಿಯವರು ಮಣ್ಣು ಸಾಗಿಸಲು ಸೋಮಾರಿತನ ಮಾಡಿ, ಅರ್ಧಕ್ಕರ್ಧ ಹೂಳನ್ನು ಕೆರೆಯ ನಡುವೆಯೇ ಗುಡ್ಡೆ ಹಾಕಿ ಬಿಲ್ಲು ಮಾಡಿಸಿಕೊಂಡು ಹೋದರು. ಅದರ ಹಿಂದೆಯೇ ಬೆಂಗಳೂರಿನ ಕಡೆಯಿಂದ ಪೈಪಿನ ನೀರು ಬಂದು ಕೆರೆ ತುಂಬಿತು. ತೂಬಿಗೆ ಸಿಮೆಂಟು ಬಡಿದರು, ಹಾಗಾಗಿ ನೀರು ಬೇಸಿಗೆಯಲ್ಲೂ ಇಳಿಯಲಿಲ್ಲ. ಕಳ್ಳತನದ ಆ ಗುಡ್ಡೆ ನಾಲ್ಕೂ ಕಡೆ ನೀರಿರುವ ದ್ವೀಪವಾಯಿತು. ನಾಯಿ ನರಿ ದಾಟಲಾರದ ಜಾಗ ಎಂದು ಹಕ್ಕಿಗಳು ಹೇಗೆ ತಿಳಿದವೋ, ಎರಡೇ ವರ್ಷದಲ್ಲಿ ಬಂದು ಇಳಿದವು.

ಹಳದಿ ಕೊಕ್ಕು, ಕೆಂಪು ಕಾಲು, ಕರಿ ಟೋಪಿ, ಸೀಳಿದ ಬಾಲ. ಊರವರು ಕತ್ತರಿಹಕ್ಕಿ ಎಂದರು, ಪುಸ್ತಕದಲ್ಲಿ ರೀವ ಎಂದಿದೆಯಂತೆ. ಅವು ಮರ ಹತ್ತುವುದಿಲ್ಲ, ಕಡ್ಡಿ ಕೂಡಿಸುವುದಿಲ್ಲ. ಬರಿ ನೆಲವನ್ನು ಎದೆಯಲ್ಲಿ ಒತ್ತಿ ಬೊಗಸೆಯಷ್ಟು ತಗ್ಗು ಮಾಡಿ, ಮಣ್ಣಿನ ಬಣ್ಣದ್ದೇ ಎರಡು ಮೂರು ಮೊಟ್ಟೆ ಇಟ್ಟುಬಿಡುತ್ತವೆ. ಎದುರಿಗೇ ಇದ್ದರೂ ಕಾಣದು. ಕೊಂಡಪ್ಪ ಮಾತ್ರ ಚಪ್ಪಲಿಯನ್ನು ತೆಪ್ಪದಲ್ಲೇ ಬಿಟ್ಟು ಬರಿಗಾಲಲ್ಲಿ ಗುಡ್ಡೆಯ ತುಂಬಾ ಓಡಾಡುತ್ತಿದ್ದ. ಒಂದು ದಿನವೂ ಒಂದು ಮೊಟ್ಟೆ ತುಳಿದವನಲ್ಲ. ಪ್ರತಿ ಶನಿವಾರ ಬೆಂಗಳೂರಿನಿಂದ ಬಂದು ಹಕ್ಕಿಗಳ ಅಧ್ಯಯನ ಮಾಡುತ್ತಿದ್ದ ಸಂಘಮಿತ್ರ ಎಂಬ ಹೆಣ್ಣುಮಗಳು ಅದನ್ನು ನೋಡಿ, "ಕೊಂಡಪ್ಪನವರೇ, ನಿಮ್ಮ ಪಾದಕ್ಕೆ ಕಣ್ಣಿದೆ" ಎಂದಿದ್ದಳು. ಆ ಮಾತನ್ನು ಅವನು ಊರಿಗೆಲ್ಲ ಹೇಳಿಕೊಂಡು ಬಂದ.

ಗೂಡಿನ ಪಕ್ಕ ಒಂದೊಂದು ಕಲ್ಲಿಟ್ಟು, ಸುಣ್ಣದಲ್ಲಿ ನಂಬರು ಬರೆದದ್ದು ಅವಳೇ. ಬೋರ್ಡಿಗೆ ಅವನ ಹೆಸರು ಹಾಕಿಸಿದ್ದೂ ಅವಳೇ. ಹಿಂದಿನ ವರ್ಷ ಮೂವತ್ತನಾಲ್ಕು ಗೂಡು. ಮರಿಗಳು ಮೊದಲ ಸಲ ಹಾರಿದ ದಿನ ಕೊಂಡಪ್ಪ ಏರಿಯ ಮೇಲೆ ಕೂತು ಅತ್ತುಬಿಟ್ಟಿದ್ದ. ಐವತ್ತೆಂಟು ವರ್ಷಕ್ಕೆ ಅವನಿಗೆ ಸಿಕ್ಕಿದ ಮೊದಲ ಮರ್ಯಾದೆ ಅದು.

ಮರ್ಯಾದೆ ಸಿಕ್ಕಿದ್ದೇ ತಡ, ಕೊಂಡಪ್ಪನ ಧಿಮಾಕು ನೋಡಬೇಕಿತ್ತು. ಪಂಚಾಯ್ತಿ ಮೆಂಬರ್ ಉಮಾಶಂಕರ್ ತನ್ನ ಭಾವಮೈದುನನ ಮದುವೆ ಫೋಟೋ ಗುಡ್ಡೆಯ ಮೇಲೆ ತೆಗೆಸಬೇಕು ಎಂದಾಗ, "ಬೋರ್ಡ್ ಓದ್ಕೊಳ್ಳಪ್ಪ" ಎಂದು ನಾಲ್ಕು ಜನರ ಎದುರು ಬೆನ್ನು ತಿರುಗಿಸಿದ. ದನ ತೊಳೆಯಲು ಇಳಿದ ಹೆಂಗಸರನ್ನೂ ಗದರಿಸಿದ. ಎಲ್ಲರಿಗಿಂತ ಹೆಚ್ಚು ಗದರಿಸಿಕೊಂಡವನು ಗೋವಿಂದರಾಜು. ಅವನು ಕೆರೆಯ ಮೀನು ಹಿಡಿಯುವ ಗುತ್ತಿಗೆಯವನ ಆಳು, ಚಿಂತಾಮಣಿ ಕಡೆಯವನು, ಏರಿಯ ಕೆಳಗೆ ತಗಡಿನ ಶೆಡ್ಡಿನಲ್ಲಿ ಹೆಂಡತಿಯೊಂದಿಗೆ ಇದ್ದ. ಕೆರೆಯಲ್ಲಿದ್ದ ಎರಡೇ ತೆಪ್ಪಗಳಲ್ಲಿ ಒಂದು ಕೊಂಡಪ್ಪನದು, ಇನ್ನೊಂದು ಗೋವಿಂದರಾಜುವಿನದು. ಪಾಪ, ಅವನು ಗುಡ್ಡೆಯಿಂದ ಅಷ್ಟು ದೂರದಲ್ಲೇ ಬಲೆ ಬಿಡುತ್ತಿದ್ದ.

ಸಂಕ್ರಾಂತಿ ಕಳೆದ ವಾರ ಕೊಂಡಪ್ಪನ ಮಗಳು ಶಿಲ್ಪ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಳು. ತುಂಬು ಗರ್ಭಿಣಿ. ಮನೆಯಲ್ಲಿ ಒಂದು ಬೂದು ಬೆಕ್ಕಿತ್ತು, ಎಡಗಿವಿ ಹರಿದದ್ದು. ಕೊಂಡಪ್ಪನ ಹೆಂಡತಿ ರುಕ್ಮಿಣಮ್ಮ ಅದನ್ನು ಬೂದಿ ಎಂದು ಕರೆಯುತ್ತಿದ್ದಳು. ಅದೂ ಬಸುರಿ. ಎಳೆಗೂಸಿರುವ ಮನೆಯಲ್ಲಿ ಬೆಕ್ಕು ಮರಿ ಹಾಕಿದರೆ ತೊಟ್ಟಿಲಿಗೇ ಬಂದು ಮಲಗುತ್ತದೆ ಎಂದು ಶಿಲ್ಪಳ ಅತ್ತೆ ಫೋನಿನಲ್ಲಿ ಹೆದರಿಸಿದ್ದಳು.

"ಎಲ್ಲಾದ್ರೂ ಸಾಯಿಸಿ ಬಿಸಾಕ್ತೀನಿ" ಎಂದ ಕೊಂಡಪ್ಪ.

ರುಕ್ಮಿಣಮ್ಮ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. "ಬುದ್ಧಿ ಐತಾ ನಿಮ್ಗೆ? ಬೆಕ್ಕು ಕೊಂದ ಪಾಪ ಏಳು ಜನ್ಮಕ್ಕೂ ಬಿಡಲ್ಲ. ಅದ್ರಲ್ಲೂ ಬಸುರಿ ಬೆಕ್ಕು. ಒಳಗೆ ಮಗಳು ತುಂಬಿದ ಬಸುರಿ ಕೂತವ್ಳೆ. ನೀರು ದಾಟಿಸಿ ಬಿಟ್ಟು ಬನ್ನಿ. ನೀರು ದಾಟಿದ ಬೆಕ್ಕು ವಾಪಸ್ ಬರಲ್ಲ."

ಆ ಕಡೆಯವರೆಲ್ಲ ಮಾಡುವುದು ಹಾಗೆಯೇ. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ ಹಳ್ಳದಾಚೆ, ಕಾಲುವೆಯಾಚೆ ಬಿಟ್ಟರೆ ಪಾಪವೂ ಇಲ್ಲ, ಕಾಟವೂ ಇಲ್ಲ. ಹಳ್ಳದಲ್ಲಿ ಆಗ ನೀರಿರಲಿಲ್ಲ. ನೀರಿದ್ದದ್ದು ಕೆರೆಯಲ್ಲಿ, ನೀರಾಚೆ ಇದ್ದದ್ದು ಗುಡ್ಡೆ. ಹಕ್ಕಿಗಳು ಇನ್ನೂ ಬಂದಿರಲಿಲ್ಲ, ಶಿವರಾತ್ರಿಗೆ ತಿಂಗಳ ಮೇಲಿತ್ತು. ಅಷ್ಟರೊಳಗೆ ಅದು ಈಜಿಯೋ ಹಸಿದೋ ಹಣೆಬರಹ ಕಂಡುಕೊಳ್ಳುತ್ತದೆ ಎಂದುಕೊಂಡ ಮಹಾರಾಯ. ಮೊಟ್ಟೆಯ ಮೇಲೆ ಕಾಗೆಯ ನೆರಳು ಬಿದ್ದರೂ ಕಲ್ಲು ಬೀರುತ್ತಿದ್ದವನು, ತನ್ನ ಕೈಯಾರೆ ಬಸುರಿ ಬೆಕ್ಕನ್ನು ಒಯ್ದು ಅಲ್ಲಿ ಬಿಟ್ಟ. ವಾಪಸ್ಸು ಬರುವಾಗ ಗೋವಿಂದರಾಜು ತನ್ನ ತೆಪ್ಪದಲ್ಲಿ ನಿಂತು ಬಲೆ ಬಿಡಿಸುತ್ತಿದ್ದ. ಖಾಲಿ ಚೀಲವನ್ನು ನೋಡಿದ. ಏನೂ ಕೇಳಲಿಲ್ಲ.

ಶಿವರಾತ್ರಿಗೆ ನಾಲ್ಕು ದಿನ ಮುಂಚೆ ಶಿಲ್ಪಳಿಗೆ ಗಂಡುಮಗುವಾಯಿತು. ಮನೆಯಲ್ಲಿ ಸಂಭ್ರಮ. ಕೊಂಡಪ್ಪ ಆಸ್ಪತ್ರೆ, ಔಷಧಿ, ನೆಂಟರು ಎಂದು ಓಡಾಡಿ ಎರಡು ವಾರ ಕೆರೆಯ ಕಡೆ ತಲೆ ಹಾಕಲಿಲ್ಲ. ಅವನಿಲ್ಲವೆಂದು ಸಂಘಮಿತ್ರಳೂ ಆ ಎರಡು ಶನಿವಾರ ಬರಲಿಲ್ಲ. ಹೋಗಿ ನೋಡಿದಾಗ ಹಕ್ಕಿಗಳು ಬಂದಿದ್ದವು, ಹೋದ ವರ್ಷದ ಕಲ್ಲುಗಳ ಪಕ್ಕದಲ್ಲೇ ಗೂಡುಗಳೂ ಆಗಿದ್ದವು. ಮೂರನೇ ನಂಬರಿನ ಕಲ್ಲಿನ ಹತ್ತಿರ ಒಡೆದ ಚಿಪ್ಪಿತ್ತು. ಆರರ ಹತ್ತಿರ ರೆಕ್ಕೆ ಮಾತ್ರ ಉಳಿದ ತಾಯಿಹಕ್ಕಿ. ಒದ್ದೆ ಮಣ್ಣಿನ ಮೇಲೆ ಬೆಕ್ಕಿನ ಹೆಜ್ಜೆ ಅಚ್ಚು ಹಾಕಿದಂತಿತ್ತು, ಅದರ ಪಕ್ಕದಲ್ಲಿ ಚಿಕ್ಕ ಚಿಕ್ಕ ಹೆಜ್ಜೆಗಳು.

ಅವನಿಗೆ ಅಲ್ಲೇ ಎಲ್ಲ ತಿಳಿಯಿತು. ಆಗಲೇ ಸಂಘಮಿತ್ರಳಿಗೆ ಒಂದು ಫೋನು ಮಾಡಿ, ತಪ್ಪಾಯ್ತು ತಾಯಿ, ಬೆಕ್ಕು ಬಿಟ್ಟೋನು ನಾನೇ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಬೋರ್ಡಿನ ಮೇಲಿನ ಹೆಸರು ಅವನ ನಾಲಿಗೆ ಕಟ್ಟಿತು. ಮತ್ತೆ ಟೀ ಅಂಗಡಿಯಲ್ಲಿ ಆ ನಗು ಕೇಳಬೇಕಾಗುತ್ತದೆ ಎಂಬ ಭಯ ಅವನನ್ನು ಹಿಡಿದುಕೊಂಡಿತು. ಹೆಗಲ ಮೇಲಿನ ಟವೆಲ್ಲು ತೆಗೆದು, ಬಗ್ಗಿ, ಹೆಜ್ಜೆಗಳನ್ನು ಒಂದೊಂದಾಗಿ ಒರೆಸಿದ, ರೆಕ್ಕೆಯನ್ನು ನೀರಿಗೆಸೆದ. ಆಮೇಲೆ ಪ್ರತಿ ಶನಿವಾರ ಸಂಘಮಿತ್ರ ಬರುವ ಮುಂಚೆ ಅವನಿಗೆ ಅದೇ ಕೆಲಸವಾಯಿತು.

ಶನಿವಾರ ಬಂದ ಸಂಘಮಿತ್ರ ಚಿಪ್ಪುಗಳನ್ನು ಒಂದೊಂದಾಗಿ ಆರಿಸಿ ಕವರಿಗೆ ಹಾಕಿಕೊಂಡಳು. ಮುಂದಿನ ಶನಿವಾರ ಇನ್ನೂ ಒಂಬತ್ತು ಗೂಡು ಖಾಲಿ. ಮೊಟ್ಟೆ ಕದ್ದವನು ಯಾರು ಎಂಬ ಪ್ರಶ್ನೆ ಅರಳಿಕಟ್ಟೆಗೆ ಬಂತು. ಹಕ್ಕಿಯ ಮೇಲೆ ಊರಿಗೆ ಅಂಥ ಪ್ರೀತಿ ಇತ್ತೆಂದು ತಿಳಿಯಬೇಡಿ. ಹೊರಗಿನವನೊಬ್ಬ ಸಿಕ್ಕಿಕೊಂಡಿದ್ದಾನೆ ಎಂದರೆ ನಮ್ಮ ಜನಕ್ಕೆ ಎಲ್ಲಿಲ್ಲದ ನ್ಯಾಯ ಉಕ್ಕಿ ಬರುತ್ತದೆ, ಅಷ್ಟೆ.

"ಇನ್ಯಾರಪ್ಪಾ ಮಾಡ್ತಾರೆ, ತೆಪ್ಪ ಇರೋದು ಇಬ್ರ ಹತ್ರ" ಎಂದ ಉಮಾಶಂಕರ್. ಆಮೇಲೆ ಕೊಂಡಪ್ಪನ ಕಡೆ ತಿರುಗಿ, "ಏನ್ ಕೊಂಡಪ್ಪಣ್ಣ, ನೀನೇನಾದ್ರೂ ನೋಡ್ದಾ?" ಎಂದು ಕೇಳಿದ.

ಗೋವಿಂದರಾಜು ಎದುರಿಗೇ ನಿಂತಿದ್ದ, ಕೈ ಕಟ್ಟಿಕೊಂಡು. ಕೊಂಡಪ್ಪ ಅವನ ಮುಖ ನೋಡಲಿಲ್ಲ. "ನೋಡಿಲ್ಲಪ್ಪ" ಎಂದ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಆದ್ರೆ ಎರಡು ಮೂರು ಸಲ, ನಸುಕಿನಾಗೆ, ಗುಡ್ಡೆ ಕಡೆಯಿಂದ ಹುಟ್ಟು ಹಾಕೋ ಸದ್ದು ಕೇಳ್ದೆ."

ಅಷ್ಟು ಸಾಕಾಯಿತು. ಶೆಡ್ಡಿನ ತಗಡುಗಳು ರಸ್ತೆಗೆ ಬಿದ್ದವು. ಯಾರೋ ಬಲೆಗಳಿಗೆ ಬೆಂಕಿ ಹಾಕಿದರು, ತೆಪ್ಪದ ತಳಕ್ಕೆ ಮಚ್ಚು ಬಿತ್ತು. ಅಡ್ಡ ಬಂದ ಹೆಂಡತಿಯನ್ನು ತಳ್ಳಿದ ರಭಸಕ್ಕೆ ಅವಳ ಮೊಣಕೈ ಮುರಿಯಿತು. ಗುತ್ತಿಗೆಯವನು ಫೋನಿನಲ್ಲೇ ಅವನನ್ನು ಕೆಲಸದಿಂದ ತೆಗೆದ. ಗೋವಿಂದರಾಜು ಪಾತ್ರೆ ಪಗಡಗಳನ್ನು ಲಗೇಜ್ ಆಟೋಗೆ ಹಾಕಿ, ಕೊಂಡಪ್ಪನ ಹತ್ತಿರ ಬಂದು ನಿಂತ.

"ಕೊಂಡಪ್ಪಣ್ಣ, ಅವತ್ತು ಆ ಗೋಣಿಚೀಲದಾಗೆ ಏನ್ ಒಯ್ದಿದ್ದೆ ಅಂತ ನಾನು ಕೇಳ್ಲಿಲ್ಲ. ಇವತ್ತೂ ಕೇಳಲ್ಲ. ಕೇಳಿದ್ರೂ ನನ್ ಮಾತು ಯಾರು ನಂಬ್ತಾರೆ" ಎಂದ. ಬೈಗುಳವಿಲ್ಲ, ಶಾಪವಿಲ್ಲ. ಹೆಂಡತಿಯನ್ನು ಮೆಲ್ಲಗೆ ಆಟೋ ಹತ್ತಿಸಿ ಹೊರಟುಹೋದ. ಕೊಂಡಪ್ಪನಿಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇವನು ಹೋದನಲ್ಲ ಎಂದು ಸಮಾಧಾನವಾಯಿತು.

ಬೆಕ್ಕಿಗೇನು ಗೊತ್ತು ಪಂಚಾಯ್ತಿ ತೀರ್ಮಾನ? ಅದು ತಿನ್ನುತ್ತಲೇ ಹೋಯಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ಆ ವರ್ಷದ ಮೂವತ್ತೊಂದು ಗೂಡುಗಳ ಕಲ್ಲಿನ ಪಕ್ಕವೂ ಬರಿ ತಗ್ಗು ಉಳಿದಿತ್ತು. ಬಹುಪಾಲು ಹಕ್ಕಿಗಳು ಎದ್ದು ಹೋದವು. ಒಂದು ಜೋಡಿ ಮಾತ್ರ, ಒಮ್ಮೆ ಮೊಟ್ಟೆ ಕಳೆದುಕೊಂಡ ಜಾಗದಲ್ಲೇ, ಹನ್ನೊಂದನೇ ಕಲ್ಲಿನ ಪಕ್ಕ, ಮತ್ತೆ ಎರಡು ಮೊಟ್ಟೆ ಇಟ್ಟು ಕೂತಿತು. ಇಡೀ ಗುಡ್ಡೆಗೆ ಇನ್ನು ಅವೆರಡೇ.

ಸಂಘಮಿತ್ರ ಅಂಗೈ ಅಗಲದ ಒಂದು ಕ್ಯಾಮೆರಾ ತಂದು, ಗೂಟಕ್ಕೆ ಬಿಗಿದು, ಹನ್ನೊಂದರ ಕಡೆ ಮುಖ ಮಾಡಿಸಿದಳು. "ರಾತ್ರಿಯೆಲ್ಲ ಇದು ಕಾಯುತ್ತೆ ಕೊಂಡಪ್ಪನವರೇ, ಕತ್ತಲಲ್ಲೂ ಫೋಟೋ ತೆಗೆಯುತ್ತೆ. ಹಗಲು ಹೇಗೂ ನೀವಿದ್ದೀರಲ್ಲ" ಎಂದಳು. ತೆಪ್ಪದಲ್ಲಿ ವಾಪಸ್ಸು ಬರುವಾಗ ಅವಳೇ ಒಂದು ಕಥೆ ಹೇಳಿದಳು. ನ್ಯೂಜಿಲೆಂಡ್ ಕಡೆ ಸಮುದ್ರದ ನಡುವೆ ಒಂದು ಚಳಿಯ ದ್ವೀಪವಂತೆ. ಅಲ್ಲಿ ಹಾರಲು ಬಾರದ ಒಂದು ಪುಟ್ಟ ಹಕ್ಕಿ, ಪ್ರಪಂಚದಲ್ಲಿ ಬೇರೆಲ್ಲೂ ಉಳಿದಿರಲಿಲ್ಲವಂತೆ. ದೀಪಸ್ತಂಭ ಕಾಯುವವರ ಜೊತೆ ಬಂದ ಒಂದೇ ಒಂದು ಬಸುರಿ ಬೆಕ್ಕು ಕಾಡಿಗೆ ತಪ್ಪಿಸಿಕೊಂಡಿತಂತೆ. ಕೆಲವೇ ವರ್ಷಗಳಲ್ಲಿ ಆ ಹಕ್ಕಿಯ ವಂಶವೇ ಇಲ್ಲವಾಯಿತಂತೆ.

"ಯಾರೂ ಬೇಕು ಅಂತ ಮಾಡಿದ್ದಲ್ಲ ನೋಡಿ" ಎಂದಳು ಅವಳು.

ಕೊಂಡಪ್ಪ ಹುಟ್ಟು ಹಾಕುವುದನ್ನು ಮರೆತು ಕೂತಿದ್ದ. ತೆಪ್ಪ ನಿಂತಲ್ಲೇ ಎರಡು ಸುತ್ತು ತಿರುಗಿತು. "ಹೌದು ತಾಯಿ" ಎಂದ ಕೊನೆಗೆ.

ಆ ರಾತ್ರಿಯೇ ಅವನು ಲೆಕ್ಕ ಹಾಕಿದ. ಕ್ಯಾಮೆರಾ ಕಾಯುವುದು ರಾತ್ರಿ. ಹಗಲು ತನ್ನದು. ಫೋಟೋದಲ್ಲಿ ಬೆಕ್ಕು ಬಿದ್ದರೆ ಬೀಳಲಿ, ಯಾರು ಬಿಟ್ಟರು ಎಂದು ಬೆಕ್ಕೇನು ಹೇಳುತ್ತದೆಯೇ? ಆದರೆ ಜೀವಂತ ಬೆಕ್ಕು ಯಾರ ಕೈಗಾದರೂ ಸಿಕ್ಕಿದರೆ ಅದರ ಹರಿದ ಕಿವಿ ಊರಿಗೆಲ್ಲ ಗೊತ್ತು. ಬೂದಿಯನ್ನು ಮುಗಿಸಬೇಕು, ಆ ಎರಡು ಮೊಟ್ಟೆಯಾದರೂ ಮರಿಯಾಗಬೇಕು. ಆಗ ಎಲ್ಲ ಸರಿಹೋಗುತ್ತದೆ.

ಬುಧವಾರ ಬೆಳಗ್ಗೆ, ಬಿಸಿಲು ಏರುವ ಮುಂಚೆ ಹೋದ. ಒಣಮೀನು ಕಲಸಿದ ಅನ್ನ, ಗೋಣಿಚೀಲ, ಏರಿಯ ಕೆಳಗೆ ಅರ್ಧ ಸುಟ್ಟು ಬಿದ್ದಿದ್ದ ಗೋವಿಂದರಾಜುವಿನ ಬಲೆ. ಗುಡ್ಡೆ ಹತ್ತಿದವನು ಮೊದಲು ಹನ್ನೊಂದರ ಹತ್ತಿರ ಹೋಗಿ ನೋಡಿದ. ಎರಡೂ ಮೊಟ್ಟೆ ಇದ್ದವು. ತಾಯಿಹಕ್ಕಿ ತಲೆಯ ಮೇಲೆ ಕಿರುಚುತ್ತಾ ಸುತ್ತಿತು. "ನಿನಗೋಸ್ಕರಾನೇ ಬಂದಿರೋದು ಕಣವ್ವಾ" ಎಂದ ಅದಕ್ಕೆ.

"ಬೂದಿ, ಬಾ" ಎಂದು ಕರೆದ.

ಬಂತು. ಜಾಲಿಗಿಡದ ಕೆಳಗಿನಿಂದ ಬಾಲ ಎತ್ತಿಕೊಂಡು ಓಡಿಯೇ ಬಂತು. ಚೀಲದಲ್ಲಿ ಕಟ್ಟಿ ತಂದು ಎಸೆದುಹೋದವನು ಎಂಬ ಸಿಟ್ಟು ಅದಕ್ಕಿರಲಿಲ್ಲ. ಅವನ ಕಾಲಿಗೆ ಮೈ ತಿಕ್ಕಿತು, ಅಂಗೈಯಿಂದ ಅನ್ನ ತಿಂದಿತು, ತಿಂದು ಬೆರಳು ನೆಕ್ಕಿತು. ಮೂರು ಮರಿಗಳು ಹಿಂದಿನಿಂದ ಬಂದವು. ಅವು ಮನುಷ್ಯರನ್ನು ಕಂಡರೆ ಗಿಡದ ಕೆಳಗೆ ಅಡಗುವವು, ಆದರೂ ತಾಯಿ ತಿನ್ನುತ್ತಿದೆ ಎಂದು ಧೈರ್ಯ ಮಾಡಿದವು. ಕೊಂಡಪ್ಪ ಬಲೆ ಬೀಸಿದ. ತಾಯಿಯೂ ಎರಡು ಮರಿಗಳೂ ಸಿಕ್ಕಿದವು. ಮೂರನೆಯದು ತಪ್ಪಿಸಿಕೊಂಡು ಓಡಿತು. ಅದರ ಹಿಂದೆ ಅವನೂ ಓಡಿದ, ಕಲ್ಲು ಗಿಡ ನೋಡದೆ, ಎರಡು ಸುತ್ತು ಓಡಿ, ಕೊನೆಗೆ ಕುತ್ತಿಗೆ ಹಿಡಿದ. ಅದು ಹೆಬ್ಬೆರಳಿಗೆ ಹಲ್ಲು ಇಳಿಸಿತು. ಅವನು ಬಿಡಲಿಲ್ಲ.

ನಾಲ್ಕನ್ನೂ ಚೀಲಕ್ಕೆ ತುಂಬಿ, ದಪ್ಪ ಕಲ್ಲು ಹಾಕಿ, ಬಾಯಿ ಬಿಗಿದ. ಹಾಲಿನ ಡೇರಿಗೆ ಜನ ಏರಿಯ ಮೇಲೆ ಬರುವ ಹೊತ್ತಾಗಿತ್ತು. ಹಿಂದಿರುಗಿ ನೋಡದೆ ತೆಪ್ಪ ತಳ್ಳಿದ. ತೂಬಿನ ಹತ್ತಿರ, ಅವನಪ್ಪ ಮುಳುಗು ಹಾಕುತ್ತಿದ್ದ ಆಳದಲ್ಲಿ ಚೀಲವನ್ನು ಬಿಡುವಾಗ, ಒಳಗಿನಿಂದ ಬೂದಿ ಕೂಗಿತು, ಮನೆಯಲ್ಲಿ ಹಾಲಿಗೆ ಕೂಗುತ್ತಿದ್ದ ದನಿಯಲ್ಲೇ. "ಸುಮ್ಕಿರು" ಎಂದ ಕೊಂಡಪ್ಪ. ಗುಳ್ಳೆಗಳು ಬಹಳ ಹೊತ್ತು ಬಂದವು. ನಿಲ್ಲುವವರೆಗೂ ಅವನು ಅಲ್ಲೇ ಕೂತಿದ್ದ.

ಮನೆಗೆ ಬಂದು ಒಗೆಯುವ ಕಲ್ಲಿಗೆ ಕಾಲು ತಿಕ್ಕಿದ. ಬಲ ಹಿಮ್ಮಡಿಗೆ ಏನೋ ಅಂಟಂಟಾದದ್ದು ಮೆತ್ತಿ ಒಣಗಿತ್ತು.

"ಕಾಲಿಗೇನ್ರೀ ಅದು?" ಎಂದಳು ರುಕ್ಮಿಣಮ್ಮ.

"ಮೀನಿನ ಲೋಳೆ" ಎಂದ ಅವನು.

ಶನಿವಾರ ಸಂಘಮಿತ್ರ ಒಬ್ಬಳೇ ಗುಡ್ಡೆಗೆ ಹೋಗಿ ಬರುತ್ತೇನೆಂದು ತೆಪ್ಪ ತೆಗೆದುಕೊಂಡು ಹೋದಳು. ಬಂದವಳ ಮುಖ ಬಿಳುಚಿತ್ತು. "ಹನ್ನೊಂದೂ ಹೋಯ್ತು" ಎಂದಳು. ಕೊಂಡಪ್ಪನಿಗೆ ಅರ್ಥವಾಗಲಿಲ್ಲ. ಬೆಕ್ಕಿಲ್ಲ, ಮರಿಯಿಲ್ಲ, ಮತ್ತೆ ಹೋದದ್ದು ಹೇಗೆ? ಅವಳು ಅವನ ಮನೆಯ ಜಗುಲಿಯಲ್ಲಿ ಕೂತು ಕ್ಯಾಮೆರಾದ ಮೆಮೊರಿ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದಳು. "ಬನ್ನಿ ಅಮ್ಮ, ನೀವೂ ನೋಡಿ, ಕಳ್ಳ ಯಾರು ಅಂತ" ಎಂದು ಕರೆದಳು. ರುಕ್ಮಿಣಮ್ಮ ಬಂದಳು. ಎರಡೂವರೆ ತಿಂಗಳ ಮಗುವನ್ನು ಎತ್ತಿಕೊಂಡು ಶಿಲ್ಪಳೂ ಬಂದಳು. ಕೊಂಡಪ್ಪ ಕುರ್ಚಿ ಎಳೆದುಕೊಂಡು ಕೂತ.

ಮೊದಲ ರಾತ್ರಿಯ ಫೋಟೋದಲ್ಲಿ ಎರಡು ಹೊಳೆಯುವ ಕಣ್ಣು. ಆಮೇಲೆ ಪೂರ್ತಿ ಬೆಕ್ಕು, ದೂರದಲ್ಲಿ ಮರಿಗಳು.

"ಯಾವನೋ ಪಾಪಿ ತಂದು ಬಿಟ್ಟವ್ನೆ ಮೇಡಂ" ಎಂದ ಕೊಂಡಪ್ಪ. ಮೂರು ದಿನದಿಂದ ಸಿದ್ಧಮಾಡಿಕೊಂಡಿದ್ದ ಮಾತು.

ರುಕ್ಮಿಣಮ್ಮ ಹರಿದ ಕಿವಿಯನ್ನು ನೋಡಿದಳು, ಗಂಡನನ್ನು ನೋಡಿದಳು. ಸಂಘಮಿತ್ರ ಗುಂಡಿ ಒತ್ತಿದಳು. ಪರದೆಯ ಮೇಲೆ ಬೆಳಗಾಯಿತು. ಹಗಲಿನ ಫೋಟೋಗಳು. ಕೊಂಡಪ್ಪನ ಕಾಲು, ಅದಕ್ಕೆ ಮೈ ತಿಕ್ಕುತ್ತಿರುವ ಬೆಕ್ಕು. ಕೊಂಡಪ್ಪನ ಕೈ, ಬೆರಳು ನೆಕ್ಕುತ್ತಿರುವ ಬೆಕ್ಕು. ಬಲೆ. ಚೀಲ. ಚೀಲದ ಬಾಯಿ ಬಿಗಿಯುತ್ತಿರುವ ಕೊಂಡಪ್ಪ.

"ಬೂದಿನ ಸಾಯಿಸ್ಬಿಟ್ರಾ?" ಎಂದಳು ರುಕ್ಮಿಣಮ್ಮ. ಶಿಲ್ಪ ಮಗುವಿನ ತಲೆಗೆ ಸೆರಗು ಮುಚ್ಚಿಕೊಂಡು ಎದ್ದು ಒಳಗೆ ಹೋದಳು. ಒಳಗಿನಿಂದ ಚಿಲಕ ಹಾಕಿದ ಸದ್ದು ಬಂತು.

ಸಂಘಮಿತ್ರ ತಲೆ ಎತ್ತಲಿಲ್ಲ. "ಗೋವಿಂದರಾಜು ನಂಬರ್ ಇದೆಯಾ ನಿಮ್ಮ ಹತ್ರ?" ಎಂದು ಕೇಳಿದಳು. ಇರಲಿಲ್ಲ. ಊರಿನಲ್ಲಿ ಯಾರ ಹತ್ತಿರವೂ ಇರಲಿಲ್ಲ.

ಆಮೇಲೆ ಅವಳು ನಾಲ್ಕು ಫೋಟೋ ಹಿಂದಕ್ಕೆ ಹೋಗಿ, ಒಂದನ್ನು ದೊಡ್ಡದು ಮಾಡಿ, ಪರದೆಯನ್ನು ಅವನ ಕಡೆ ತಿರುಗಿಸಿದಳು. ಮರಿಯ ಹಿಂದೆ ಓಡುತ್ತಿರುವ ಅವನ ಕಾಲುಗಳು. ಸುಣ್ಣದಲ್ಲಿ ಹನ್ನೊಂದು ಎಂದು ಬರೆದ ಕಲ್ಲು. ಕಲ್ಲಿನ ಪಕ್ಕದ ತಗ್ಗಿನೊಳಗೆ, ನಡುಮಧ್ಯಕ್ಕೆ ಊರಿದ ಬಲ ಹಿಮ್ಮಡಿ.

ಅವನು ಹೋದ ಮೇಲಿನ ಫೋಟೋದಲ್ಲಿ ಹಕ್ಕಿ ವಾಪಸ್ಸು ಬಂದಿತ್ತು. ತಗ್ಗಿನಲ್ಲಿ ಉಳಿದಿದ್ದ ಚಿಪ್ಪಿನ ಚೂರುಗಳನ್ನು ಕೊಕ್ಕಿನಿಂದ ಹತ್ತಿರ ಸರಿಸಿಕೊಂಡು ಅವುಗಳ ಮೇಲೆ ಕೂತಿತ್ತು. ಗುರುವಾರದ ಫೋಟೋಗಳಲ್ಲೂ ಕೂತಿತ್ತು, ಶುಕ್ರವಾರದ ಫೋಟೋಗಳಲ್ಲೂ ಕೂತಿತ್ತು. ರುಕ್ಮಿಣಮ್ಮ ಒಗೆಯುವ ಕಲ್ಲಿನ ಕಡೆ ನೋಡಿದಳು, ಆಮೇಲೆ ಗಂಡನ ಕಾಲು ನೋಡಿದಳು. ಕೊಂಡಪ್ಪ ತನ್ನ ಎರಡೂ ಪಾದಗಳನ್ನು ಮೆಲ್ಲಗೆ ಕುರ್ಚಿಯ ಕೆಳಕ್ಕೆ ಎಳೆದುಕೊಂಡ.